ಅರಿಕಾ ಘಟ್ಟದಾರಿ

ದಕ್ಷಿಣ ಅಮೆರಿಕದ ಪೆಸಿಫಿಕ್ ಕರಾವಳಿಯ ಅರಿಕಾ ಬಂದರಿನಿಂದ ಆಂಡಿಸ್ ಪರ್ವತದ ಮೇಲಿನ ಪೊಟೊಸಿ, ಲಾ ಪಾಸ್ ನಗರಗಳಿಗೆ ಹತ್ತುವ ಹಳೆಯ ವ್ಯಾಪಾರ ಮಾರ್ಗ. ಇದರ ಬುಡ ಅಟಕಾಮಾ ಮರುಭೂಮಿಯ ಅಂಚಿನಲ್ಲಿದೆ; ಅರಿಕಾದಲ್ಲಿ ವರ್ಷಕ್ಕೆ ಸರಾಸರಿ ಒಂದು ಮಿಲಿಮೀಟರ್ ಮಳೆಯೂ ಆಗುವುದಿಲ್ಲ. ತುದಿಯಲ್ಲಿರುವ ಪೊಟೊಸಿಯ ಎತ್ತರ ಸುಮಾರು 4,000 ಮೀಟರ್. ನಡುವಿನ ಪಯಣದ ವೇಗವನ್ನು ಶತಮಾನಗಳ ಕಾಲ ನಿರ್ಧರಿಸಿದ್ದು ಮೇವು, ನೀರು ಮತ್ತು ಹೇರು ಹೊತ್ತ ಪ್ರಾಣಿಯ ಉಸಿರು.

ಇಂಕಾ ಸಾಮ್ರಾಜ್ಯಕ್ಕೂ ಮೊದಲೇ ಇಲ್ಲಿ ಲಾಮಾಗಳ ಸಾಲು ಓಡಾಡುತ್ತಿತ್ತು. ಒಂಟೆಯ ಬಳಗಕ್ಕೆ ಸೇರಿದ ಈ ಪ್ರಾಣಿ ಹೊರುವುದು ಹೆಚ್ಚೆಂದರೆ 25–30 ಕಿಲೊ, ನಡೆಯುವುದು ದಿನಕ್ಕೆ 15–20 ಕಿಲೋಮೀಟರ್. ಮೇಲಿನಿಂದ ಉಣ್ಣೆ, ಒಣಮಾಂಸ ಮತ್ತು ಹಿಮದಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಆಲೂಗಡ್ಡೆ ಇಳಿದರೆ, ಕೆಳಗಿನಿಂದ ಒಣಮೀನು, ಮೆಕ್ಕೆಜೋಳ, ಮೆಣಸಿನಕಾಯಿ ಏರುತ್ತಿದ್ದವು. ಅರಿಕಾ ಪಕ್ಕದ ಅಸಾಪಾ ಮತ್ತು ಯೂತಾ ಕಣಿವೆಗಳ ಬೋಳುಗುಡ್ಡಗಳ ಮೇಲೆ ಕಲ್ಲು ಜೋಡಿಸಿ ಬಿಡಿಸಿದ ಲಾಮಾ ಚಿತ್ರಗಳು ಈಗಲೂ ದೂರದಿಂದ ಕಾಣುತ್ತವೆ.

1545ರಲ್ಲಿ ಪೊಟೊಸಿಯ ಬೆಟ್ಟದಲ್ಲಿ ಬೆಳ್ಳಿ ಸಿಕ್ಕ ಮೇಲೆ ದಾರಿಯ ಬೆಲೆಯೇ ಬದಲಾಯಿತು. 1570ರ ದಶಕದಲ್ಲಿ ಅದಿರಿನಿಂದ ಬೆಳ್ಳಿಯನ್ನು ಬೇರ್ಪಡಿಸಲು ಪಾದರಸ ಬಳಸುವ ಪದ್ಧತಿ ಅಲ್ಲಿಗೆ ಬಂತು. ಪೆರುವಿನ ವಾಂಕಾವೆಲಿಕಾ ಗಣಿಯ ಪಾದರಸ ಕರಾವಳಿಗಿಳಿದು, ಹಡಗೇರಿ ಅರಿಕಾಕ್ಕೆ ಬಂದು, ಅಲ್ಲಿಂದ ಘಟ್ಟ ಹತ್ತುತ್ತಿತ್ತು. ಅದನ್ನು ತುಂಬುತ್ತಿದ್ದುದು ಕುರಿಚರ್ಮದ ಚೀಲಗಳಲ್ಲಿ. ಗಾತ್ರ ಚಿಕ್ಕದು, ತೂಕ ವಿಪರೀತ, ಹೊಲಿಗೆ ಸಡಿಲವಾದರೆ ಸರಕು ನೆಲದ ಪಾಲು. ಬೆಳ್ಳಿಯ ಗಟ್ಟಿಗಳು ಎದುರು ದಿಕ್ಕಿನಲ್ಲಿ ಇಳಿಯುತ್ತಿದ್ದವು. 1579ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಅರಿಕಾಕ್ಕೆ ನುಗ್ಗಿದ್ದು ಈ ಬೆಳ್ಳಿಯ ಆಸೆಯಿಂದ.

ಹೆಚ್ಚು ತೂಕ ಹೊರುವ ಹೇಸರಗತ್ತೆಗಳು ಕ್ರಮೇಣ ಲಾಮಾಗಳ ಜಾಗ ಹಿಡಿದವು. ಲಾಮಾ ದಾರಿಯಲ್ಲಿ ಸಿಕ್ಕ ಹುಲ್ಲು ಮೇಯ್ದು ಸುಧಾರಿಸಿಕೊಳ್ಳುತ್ತಿತ್ತು. ಹೇಸರಗತ್ತೆಗೆ ಮೇವು ಬೆಳೆದೇ ಕೊಡಬೇಕು. ಹೀಗಾಗಿ ಕರಾವಳಿ ಕಣಿವೆಗಳಲ್ಲಿ ಕುದುರೆಮೆಂತೆಯ ಹೊಲಗಳು ಹಬ್ಬಿದವು. 3,500 ಮೀಟರ್ ಎತ್ತರದ ಪುತ್ರೆಯಂಥ ಊರುಗಳು ಹೇರಿನವರ ತಂಗುದಾಣಗಳಾದವು. ಗಾಳಿ ತೆಳುವಾದಂತೆ ತಲೆನೋವು, ವಾಕರಿಕೆ ಶುರುವಾಗುತ್ತಿತ್ತು. ಅದಕ್ಕೆ ಊರವರ ಮದ್ದು ಕೋಕಾ ಎಲೆ. ಕಣಿವೆ ದಾಟುವ ನೆತ್ತಿಯ ಕಲ್ಲುಗುಪ್ಪೆಗೆ ಒಂದು ಕಲ್ಲು ಇಟ್ಟು ಮುಂದೆ ಹೋಗುವುದು ವಾಡಿಕೆಯಾಗಿತ್ತು.

1776ರಲ್ಲಿ ಪೊಟೊಸಿ ಬ್ಯೂನಸ್ ಐರಿಸ್‌ನ ಆಡಳಿತಕ್ಕೆ ಸೇರಿ, ಬೆಳ್ಳಿ ಅಟ್ಲಾಂಟಿಕ್ ಕಡೆಗೆ ತಿರುಗಿತು. ಆದರೂ ಹೇಸರಗತ್ತೆಗಳಿಗೆ ಕೆಲಸ ತಪ್ಪಲಿಲ್ಲ. ಅವು ಹೊತ್ತ ಸರಕುಗಳಲ್ಲಿ ವಿಚಿತ್ರವಾದದ್ದು ಒಂದು ಹಡಗು. ಟಿಟಿಕಾಕಾ ಸರೋವರಕ್ಕಾಗಿ ಪೆರು ಸರ್ಕಾರ ಇಂಗ್ಲೆಂಡಿನಲ್ಲಿ ಮಾಡಿಸಿದ ‘ಯಾವರಿ’ಯ ಬಿಡಿಭಾಗಗಳು 1862ರಲ್ಲಿ ಅರಿಕಾದಲ್ಲಿ ಇಳಿದವು. ಒಂದೊಂದು ತುಂಡೂ ಒಂದು ಹೇಸರಗತ್ತೆ ಹೊರುವಷ್ಟಿರಬೇಕೆಂದು ಲೆಕ್ಕ ಹಾಕಿಯೇ ಅದನ್ನು ವಿಂಗಡಿಸಿದ್ದರು. 1856ರಿಂದ ಓಡುತ್ತಿದ್ದ ರೈಲು ತಾಕ್ನಾವರೆಗೆ ಮಾತ್ರ. ಅಲ್ಲಿಂದಾಚೆ ಪ್ರಾಣಿಗಳ ಬೆನ್ನೇ ಗತಿ. 1868ರ ಆಗಸ್ಟ್ 13ರ ಭೂಕಂಪ, ಸುನಾಮಿಗಳು ಅರಿಕಾವನ್ನು ಹಾಳುಗೆಡವಿದವು. ಯಾವರಿ ನೀರಿಗಿಳಿದದ್ದು 1870ರ ಕ್ರಿಸ್ಮಸ್ ದಿನ, 3,800 ಮೀಟರ್ ಎತ್ತರದಲ್ಲಿ.

1879ರಲ್ಲಿ ಶುರುವಾದ ಪೆಸಿಫಿಕ್ ಯುದ್ಧದಲ್ಲಿ ಬೊಲಿವಿಯಾ ತನ್ನ ಕರಾವಳಿಯನ್ನೂ ಪೆರು ಅರಿಕಾವನ್ನೂ ಕಳೆದುಕೊಂಡವು. ಗೆದ್ದ ಚಿಲಿ 1904ರ ಒಪ್ಪಂದದಂತೆ ಅರಿಕಾದಿಂದ ಲಾ ಪಾಸ್‌ಗೆ ರೈಲು ಹಾಕಿಸಿತು. ಸುಮಾರು 440 ಕಿಲೋಮೀಟರ್ ಉದ್ದದ, 4,200 ಮೀಟರ್‌ಗೂ ಮೇಲೆ ಹಾಯುವ ಈ ಹಳಿ 1913ರಲ್ಲಿ ತೆರೆಯಿತು. ಕಡಿದಾದ ಭಾಗದಲ್ಲಿ ಎಂಜಿನ್ ಜಾರದಿರಲೆಂದು ಹಳಿಗಳ ನಡುವೆ ಹಲ್ಲುಪಟ್ಟಿ ಕೂರಿಸಿದ್ದರು.

ಈಗ ಬೊಲಿವಿಯಾದ ಸರಕು ಹೆಚ್ಚಾಗಿ ಓಡಾಡುವುದು ತಾಂಬೊ ಕೆಮಾದೊ ಗಡಿಯ ಡಾಂಬರು ರಸ್ತೆಯಲ್ಲಿ, ಲಾರಿಗಳ ಮೇಲೆ. ಬಸ್ಸು ಒಂದೇ ಹಗಲಿನಲ್ಲಿ ಕಡಲ ಮಟ್ಟದಿಂದ 4,600 ಮೀಟರ್ ದಾಟುತ್ತದೆ. ಎತ್ತರದ ಕಾಯಿಲೆಗೆ ಹೆದರುವ ಪ್ರವಾಸಿಗಳು ಮಾತ್ರ ಪುತ್ರೆಯಲ್ಲಿ ರಾತ್ರಿ ತಂಗಿ, ಮೈ ಒಗ್ಗಿದ ಮೇಲೆಯೇ ಘಟ್ಟ ಹತ್ತುತ್ತಾರೆ.