ಮಿಥ್ರಿಲ್: ಅಗೆದವರು ಒಬ್ಬರು, ಹೆಸರಿಟ್ಟವರು ಇನ್ನೊಬ್ಬರು

ನಮ್ಮ ಆಫೀಸಿನಲ್ಲಿ ಸರ್ವರ್‌ಗಳಿಗೆಲ್ಲ ಲೋಹಗಳ ಹೆಸರು. ಕೋಬಾಲ್ಟ್, ನಿಕ್ಕಲ್, ಟೈಟಾನಿಯಂ... ಕಳೆದ ತಿಂಗಳು ಬಂದ ಹೊಸದಕ್ಕೆ ಯಾರೋ 'ಮಿಥ್ರಿಲ್' ಅಂತ ಇಟ್ಟರು. ಹೊಸದಾಗಿ ಸೇರಿದ ಹುಡುಗನೊಬ್ಬ ಮೆಲ್ಲಗೆ ಬಂದು, "ಇದರ ಅಟಾಮಿಕ್ ನಂಬರ್ ಎಷ್ಟು?" ಅಂತ ಕೇಳಿದ. ಎಲ್ಲರೂ ನಕ್ಕೆವು. ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಂದು ಬಿದ್ದವನು ನಾನು. ಲೋಹದ ಮಾತು ಬಂದರೆ ಹಳೇ ಹುಚ್ಚು ಕೆರಳುತ್ತದೆ. ಆ ರಾತ್ರಿ ಟೋಲ್ಕೀನ್ ಪುಸ್ತಕ ಮತ್ತೆ ತೆಗೆದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಮಿಥ್ರಿಲ್ ಎಂಬ ಲೋಹ ಭೂಮಿಯ ಮೇಲೆಲ್ಲೂ ಇಲ್ಲ. ಅದಿರುವುದು ಜೆ.ಆರ್.ಆರ್. ಟೋಲ್ಕೀನ್ (1892-1973) ಕಟ್ಟಿದ 'ಮಿಡ್ಲ್ ಅರ್ತ್' ಎಂಬ ಲೋಕದಲ್ಲಿ. ತಾಮ್ರದಂತೆ ಬಡಿಯಬಹುದು, ಗಾಜಿನಂತೆ ಹೊಳಪು ಕೊಡಬಹುದು, ಉಕ್ಕಿಗಿಂತ ಗಟ್ಟಿ, ಆದರೂ ಹಗುರ. ಬೆಳ್ಳಿಯಂತೆ ಕಾಣುತ್ತದೆ, ಬೆಳ್ಳಿಯಂತೆ ಕಪ್ಪಾಗುವುದಿಲ್ಲ. (ನಮ್ಮ ಮೆಟೀರಿಯಲ್ ಸೈನ್ಸ್ ಮೇಷ್ಟ್ರು ಕೇಳಿದ್ದರೆ ಕ್ಲಾಸಿನಿಂದ ಹೊರಗೆ ಹಾಕುತ್ತಿದ್ದರು!) ಮೊದಲು ಇದರ ಬೆಲೆ ಚಿನ್ನದ ಹತ್ತು ಪಟ್ಟು ಇತ್ತಂತೆ, ಆಮೇಲೆ ಬೆಲೆ ಕಟ್ಟುವುದೇ ಆಗದ ಸ್ಥಿತಿ.

ತಮಾಷೆಯೆಂದರೆ, ಈ ಲೋಹ ಮೊದಲು ಕಥೆಯಲ್ಲಿ ಇರಲೇ ಇಲ್ಲ. 1937ರಲ್ಲಿ ಬಂದ 'ದಿ ಹಾಬಿಟ್' ಕಾದಂಬರಿಯಲ್ಲಿ ಬಿಲ್ಬೋ ಎಂಬ ಪುಟ್ಟ ನಾಯಕನಿಗೆ ಕುಬ್ಜರ ರಾಜ ಒಂದು ಕವಚ ಕೊಡುತ್ತಾನೆ. ಆಗ ಅದು ಬರೀ ಬೆಳ್ಳಿ ಲೇಪದ ಉಕ್ಕು. 1954ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಮೊದಲ ಸಂಪುಟ ಬಂದಾಗ ಅದೇ ಕವಚ ಮಿಥ್ರಿಲ್ ಆಗಿಬಿಟ್ಟಿತು. ಆಮೇಲೆ 1966ರ ಪರಿಷ್ಕೃತ ಆವೃತ್ತಿಯಲ್ಲಿ ಟೋಲ್ಕೀನ್ ಹಳೇ ಪುಸ್ತಕಕ್ಕೆ ವಾಪಸ್ ಹೋಗಿ, ಅದು 'ಬೆಳ್ಳಿಯುಕ್ಕು', ಎಲ್ಫ್‌ಗಳು ಅದನ್ನು ಮಿಥ್ರಿಲ್ ಅನ್ನುತ್ತಾರೆ ಎಂದು ತಿದ್ದಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಳೇ ರಿಲೀಸಿಗೆ ಪ್ಯಾಚ್ ಹಾಕಿದರು :)

ಟೋಲ್ಕೀನ್ ಮೂಲತಃ ಭಾಷಾವಿಜ್ಞಾನಿ, ಆಕ್ಸ್‌ಫರ್ಡಿನಲ್ಲಿ ಹಳೆ ಇಂಗ್ಲಿಷಿನ ಪ್ರೊಫೆಸರು. ಮೊದಲು ಭಾಷೆ ಹುಟ್ಟಿಸಿ, ಆಮೇಲೆ ಆ ಭಾಷೆ ಆಡುವವರಿಗಾಗಿ ಲೋಕ ಹುಟ್ಟಿಸಿದ ಮನುಷ್ಯ. ಎಲ್ಫ್‌ಗಳಿಗೆಂದು ಅವರು ಕಟ್ಟಿದ ಸಿಂಡರಿನ್ ಭಾಷೆಯಲ್ಲಿ 'ಮಿಥ್' ಎಂದರೆ ಬೂದು ಬಣ್ಣ, 'ರಿಲ್' ಎಂದರೆ ಹೊಳಪು. ಕನ್ನಡಕ್ಕೆ ತಂದರೆ 'ಬೂದುಹೊಳಪು' ಅನ್ನಬಹುದೇನೋ. ಕಿವಿಗೆ ಅಷ್ಟೇನೂ ಹಿತವಾಗಿಲ್ಲ, ಬಿಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ. ಮಿಥ್ರಿಲ್ ಅಗೆದವರು ಎಲ್ಫ್‌ಗಳಲ್ಲ, ಕುಬ್ಜರು. ಬೆಟ್ಟದ ಹೊಟ್ಟೆಯೊಳಗಿನ ತಮ್ಮ ಪಟ್ಟಣವನ್ನು ಅವರು 'ಖಜಾದ್-ದೂಮ್' ಎಂದು ಕರೆದರು. ಲೋಕಕ್ಕೆ ಅದು ಗೊತ್ತಿರುವುದು 'ಮೋರಿಯಾ' ಎಂದು, ಅಂದರೆ ಎಲ್ಫ್‌ಗಳ ಬಾಯಲ್ಲಿ 'ಕರಾಳ ಕಂದರ'. ಮಿಥ್ರಿಲ್ ಆಸೆಗೆ ಆಳ ಆಳಕ್ಕೆ ಅಗೆಯುತ್ತ ಹೋಗಿ, ತಳದಲ್ಲಿ ಮಲಗಿದ್ದ ಬೆಂಕಿಯ ಪಿಶಾಚಿಯನ್ನು ಎಬ್ಬಿಸಿ ಸತ್ತವರೂ ಅವರೇ. ಆದರೂ ಲೋಹಕ್ಕೆ ಉಳಿದದ್ದು ಎಲ್ಫ್‌ಗಳ ಹೆಸರು! ಕುಬ್ಜರಿಗೆ ತಮ್ಮದೇ ಪದವೊಂದಿತ್ತು, ಹೊರಗಿನವರಿಗೆ ಹೇಳಲಿಲ್ಲ. ತಮ್ಮ ನಿಜನಾಮವನ್ನು ಸಮಾಧಿ ಕಲ್ಲಿನ ಮೇಲೂ ಕೆತ್ತದ ಜನ ಅವರು.

ಇದನ್ನು ಓದುವಾಗ ನೆನಪಾದದ್ದು ನಮ್ಮ ಉಕ್ಕು. ಕಟ್ಟುಕಥೆಯಲ್ಲ, ನಿಜವಾದ ಉಕ್ಕು.

1790ರ ದಶಕದಲ್ಲಿ ಬೊಂಬಾಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಗೆ ಉಕ್ಕಿನ ಗಟ್ಟಿಗಳನ್ನು ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಬರೆದ. ಅದರಲ್ಲಿ ಲೋಹದ ಹೆಸರು 'ವೂಟ್ಜ್'. ಇದ್ಯಾವ ಭಾಷೆ? 1886ರ 'ಹಾಬ್ಸನ್-ಜಾಬ್ಸನ್' ನಿಘಂಟಿನವರ ಊಹೆ ಹೀಗಿದೆ: ಯಾರೋ ಕನ್ನಡದ 'ಉಕ್ಕು' ಕೇಳಿ 'ವೂಕ್' ಎಂದು ಬರೆದುಕೊಂಡಿರಬೇಕು, ನಕಲು ಮಾಡುವಾಗ ಅದು 'ವೂಟ್ಜ್' ಆಗಿರಬೇಕು. ಅಂದರೆ ಒಬ್ಬ ಗುಮಾಸ್ತನ ಟೈಪೋ, ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಓಡುತ್ತಿದೆ! (1919-20ರಲ್ಲಿ ಟೋಲ್ಕೀನ್ ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ 'ಡಬ್ಲ್ಯೂ' ಅಕ್ಷರದ ಪದಗಳ ಮೇಲೆಯೇ ಕೆಲಸ ಮಾಡಿದ್ದರು. ಅವರ ಪಾಲಿಗೆ ಬಂದದ್ದು ಆ ಅಕ್ಷರದ ಆರಂಭದ ಪದಗಳು. ವೂಟ್ಜ್ ಇರುವುದು ಕೊನೆಯಲ್ಲಿ. ಸ್ವಲ್ಪದರಲ್ಲಿ ತಪ್ಪಿತು!)

1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಉಕ್ಕು ಮಾಡುವುದನ್ನು ವಿವರಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಹಾಕಿ, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ತಿದಿ ಒತ್ತುವುದು. ಕಡ್ಡಿ, ಎಲೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ಸಿಕ್ಕಿವೆ. ದಕ್ಷಿಣ ಭಾರತದ ಈ ಬಗೆಯ ಉಕ್ಕಿನ ಗಟ್ಟಿಗಳು ಪಶ್ಚಿಮ ಏಷ್ಯಾಕ್ಕೆ ಹೋಗಿ ಕತ್ತಿಗಳಾದವು. ಯುರೋಪಿನಲ್ಲಿ ಅವಕ್ಕೆ ಬಂದ ಹೆಸರು 'ಡಮಾಸ್ಕಸ್'.

ಮೈಕೆಲ್ ಫ್ಯಾರಡೆ ಕೂಡ ಇದರ ಹಿಂದೆ ಬಿದ್ದಿದ್ದ. ವೂಟ್ಜ್ ಅನ್ನು ಅನುಕರಿಸಲು ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ ಉಕ್ಕಿಗೆ ಏನೇನೋ ಬೆರೆಸಿ ನೋಡಿದ; 1820 ಮತ್ತು 1822ರಲ್ಲಿ ಪ್ರಬಂಧಗಳು ಬಂದವು. ಐನೂರು ಪಾಲು ಉಕ್ಕಿಗೆ ಒಂದು ಪಾಲು ಬೆಳ್ಳಿ ಬೆರೆಸಿದ ಮಿಶ್ರಣ ಚೆನ್ನಾಗಿ ಬಂತು. ಅದರ ಹೆಸರೇನು ಗೊತ್ತೇ? 'ಸಿಲ್ವರ್ ಸ್ಟೀಲ್', ಬೆಳ್ಳಿಯುಕ್ಕು! ಟೋಲ್ಕೀನ್ ಪದ ಎತ್ತಿದ್ದು ಅಲ್ಲಿಂದಲೇ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಕುಲುಮೆಯ ಉಕ್ಕನ್ನು ಹೋಲಬೇಕೆಂದು ಹೊರಟವರು ಆ ಪದಕ್ಕೆ ಬಂದು ತಲುಪಿದ್ದರು ಅನ್ನುವುದು ನಿಜ.

ಇಷ್ಟೆಲ್ಲ ಕಾಗದದಲ್ಲಿ ಸ್ಕಾಟ್ ಇದ್ದಾನೆ, ಪಿಯರ್ಸನ್ ಇದ್ದಾನೆ, ಫ್ಯಾರಡೆ ಇದ್ದಾನೆ. ತಿದಿ ಒತ್ತಿದವನ ಹೆಸರಿಲ್ಲ. 19ನೇ ಶತಮಾನ ಮುಗಿಯುವ ಹೊತ್ತಿಗೆ ಆ ಕುಲುಮೆಗಳೂ ಹೆಚ್ಚುಕಡಿಮೆ ಆರಿಹೋದವು. ಕುಬ್ಜರು ಹೆಸರು ಬಚ್ಚಿಟ್ಟರು, ಅದು ಅವರ ಆಯ್ಕೆ. ನಮ್ಮವರು ಬಚ್ಚಿಡಲಿಲ್ಲ; ಕೇಳಿದವರಿಗೆ ಬಾಯಿಬಿಟ್ಟು 'ಉಕ್ಕು' ಅಂದರು. ಬರೆದುಕೊಂಡವರಿಗೆ ಎರಡನೇ ಸಲ ಕೇಳುವ ವ್ಯವಧಾನ ಇರಲಿಲ್ಲ, ಅಷ್ಟೆ. ಒಂದೇ ಸಮಾಧಾನ, ಕುಬ್ಜರ ಪದ ಅವರ ಜೊತೆಗೇ ಹೋಯಿತು, ನಮ್ಮದು ಇನ್ನೂ ನಮ್ಮ ಬಾಯಲ್ಲಿದೆ.

ನಿನ್ನೆ ಇನ್ನೊಂದು ಸರ್ವರ್ ಬಂತು. 'ಉಕ್ಕು' ಅಂತ ಇಡೋಣ ಅಂದೆ, ಎಲ್ಲರೂ ಒಪ್ಪಿದರು. ಸಂಜೆ ನೋಡಿದರೆ ಪಟ್ಟಿಯಲ್ಲಿ ಯಾರೋ 'ಉಕು' ಎಂದು ಬರೆದಿದ್ದರು. ಎದ್ದು ಹೋಗಿ, ಪಕ್ಕದಲ್ಲೇ ನಿಂತು, ತಿದ್ದಿಸಿ ಬಂದೆ.