ಗುಂಡಿನಚ್ಚು: ಸೀಸಕ್ಕೆ ಆಕಾರ ಕೊಟ್ಟ ಇಕ್ಕಳ

ಸೂಳೆಕೆರೆಯ ಮಗ್ಗುಲಿನ ಕೆರೆಬಿಳಚಿಯಿಂದ ಪೂರ್ವಕ್ಕೆ ಹೊರಟರೆ ಚಿತ್ರದುರ್ಗ, ಪಶ್ಚಿಮಕ್ಕೆ ಹೊರಟರೆ ಶಿವಮೊಗ್ಗ. ದುರ್ಗದ ಕೋಟೆಯೊಳಗೆ ಮದ್ದು ಬೀಸುತ್ತಿದ್ದ ನಾಲ್ಕು ದೈತ್ಯ ಕಲ್ಲುಗಳು ಇಂದಿಗೂ ಇದ್ದಲ್ಲೇ ಇವೆ. ಶಿವಮೊಗ್ಗದ ಶಿವಪ್ಪನಾಯಕ ಅರಮನೆ ವಸ್ತುಸಂಗ್ರಹಾಲಯದಲ್ಲಿ ಮೈಸೂರು ರಾಕೆಟ್‌ಗಳಿವೆ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ, ಬತ್ತಿದ ಬಾವಿಯೊಂದರಿಂದ 2018ರಲ್ಲಿ ಅಂಥ ರಾಕೆಟ್‌ಗಳ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಮೇಲೆ ಬಂದವು. ಕೋವಿ, ಕತ್ತಿ, ಫಿರಂಗಿಗಳನ್ನಂತೂ ರಾಜ್ಯದ ಎಷ್ಟೋ ಕಡೆ ಕಾಣಬಹುದು. ಆದರೆ ಕೋವಿಗೆ ಗುಂಡು ಎಲ್ಲಿಂದ ಬರುತ್ತಿತ್ತು? ಬಹುಪಾಲು ಅಂಗೈಯಗಲದ ಒಂದು ಇಕ್ಕಳದಿಂದ. ಅದೇ ಗುಂಡಿನಚ್ಚು. ನಮ್ಮ ಯುದ್ಧಚರಿತ್ರೆಯಲ್ಲಿ ಇಷ್ಟು ಅಗತ್ಯವಾಗಿದ್ದು ಇಷ್ಟು ಅಲಕ್ಷ್ಯಕ್ಕೆ ಒಳಗಾದ ವಸ್ತು ಇನ್ನೊಂದಿಲ್ಲ ಎಂದೇ ನನ್ನ ಭಾವನೆ.

ಸೀಸ ಈ ಭಾಗಕ್ಕೆ ಹೊಸದಲ್ಲ. ಚಿತ್ರದುರ್ಗದ ಚಂದ್ರವಳ್ಳಿಯ ಸುತ್ತ ಸಿಕ್ಕಿರುವ ಸದಕಣ ಕಳಲಾಯ ಮಹಾರಠಿಯ ನಾಣ್ಯಗಳು ಸೀಸದವು, ಸಾತವಾಹನರ ಕಾಲದವು. 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಲೋಹವಿದು, ಸೌದೆ ಒಲೆಯೇ ಸಾಕು. ಮೇಲಾಗಿ ಭಾರ ಹೆಚ್ಚು, ಮೈ ಮೆದು. ಕೋವಿ ಬಂದ ಮೇಲೆ ಜಗತ್ತೆಲ್ಲ ಸೀಸವನ್ನೇ ಹಿಡಿದದ್ದು ಈ ಗುಣಗಳಿಗಾಗಿ.

ಕನ್ನಡ ನೆಲದಲ್ಲಿ ಕೋವಿಯ ಕೆಲಸ ಕಣ್ಣಿಗೆ ಕಟ್ಟುವಂತೆ ದಾಖಲಾಗಿರುವುದು 1520ರ ರಾಯಚೂರು ಮುತ್ತಿಗೆಯಲ್ಲಿ. ಕೃಷ್ಣದೇವರಾಯನ ಪರವಾಗಿ ಕ್ರಿಸ್ಟೋವಾವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನ ಕೋವಿಕಾರರು ಕೋಟೆಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಉರುಳಿಸಿದ್ದನ್ನು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಮುಂದೆ ಬಸವಾಪಟ್ಟಣ, ಚನ್ನಗಿರಿಯಂಥ ಕೋಟೆಗಳನ್ನು ಕಾದವರ ಕೈಗೂ ಜಾಮಗಿಯ ಕೋವಿ ಬಂತು. ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ತಾಗಿಸುವ ಕೋವಿ ಅದು. ಕಮ್ಮಾರ ಒಂದೊಂದನ್ನೂ ಬೇರೆಬೇರೆಯಾಗಿ ಬಡಿದು ಮಾಡುತ್ತಿದ್ದುದರಿಂದ ಒಂದರ ನಳಿಗೆಯ ಬಾಯಿ ಇನ್ನೊಂದರಂತೆ ಇರುತ್ತಿರಲಿಲ್ಲ. ಹೀಗಾಗಿ ಪ್ರತಿ ಕೋವಿಗೂ ಅದರದೇ ಅಚ್ಚು ಬೇಕಾಗುತ್ತಿತ್ತು. ಒಂದರ ಅಚ್ಚಿನಲ್ಲಿ ಎರೆದ ಗುಂಡು ಇನ್ನೊಂದರ ನಳಿಗೆಯಲ್ಲಿ ಸಡಿಲವಾಗಿ ಉರುಳೀತು, ಇಲ್ಲವೆ ಸಿಕ್ಕಿಕೊಂಡೀತು. ಅಚ್ಚು ಕಳೆದರೆ ಕೋವಿಯೇ ಮೂಲೆಗೆ.

ಆರಂಭದ ಅಚ್ಚುಗಳು ಕಲ್ಲಿನವು. ಬಳಪದ ಕಲ್ಲನ್ನು ಕೊರೆದು ಎರಡು ಹೋಳು ಮಾಡಿ ಒಂದರ ಮೇಲೊಂದು ಕೂರಿಸುತ್ತಿದ್ದರು. ಆಮೇಲೆ ಹಿತ್ತಾಳೆಯದು, ಕಬ್ಬಿಣದ್ದು ಬಂತು. ಎರಡು ದವಡೆ, ನಡುವೆ ಗುಳಿ, ಮೇಲೆ ಸೀಸ ಹೊಯ್ಯುವ ಸಣ್ಣ ಬಾಯಿ, ಹಿಡಿಯಲು ಎರಡು ಕಾಲು. ದವಡೆ ಬಿಡಿಸಿದರೆ ಗುಂಡು ಉದುರುತ್ತದೆ; ಬಾಯಿಯಲ್ಲಿ ಉಳಿದ ಬಾಲವನ್ನು ಕತ್ತರಿಸಬೇಕು. ಎರಡು ಹೋಳು ಕೂಡಿದ ಜಾಗದಲ್ಲಿ ಗುಂಡಿನ ಸುತ್ತ ಕೂದಲೆಳೆಯ ಏಣು ನಿಲ್ಲುತ್ತದೆ. ಮಣ್ಣಿನಲ್ಲಿ ಸಿಕ್ಕ ಗುಂಡು ಅಚ್ಚಿನಲ್ಲಿ ಎರೆದದ್ದೇ ಎಂದು ಇಂದಿನ ಸಂಶೋಧಕರಿಗೆ ಹೇಳುವುದು ಈ ಏಣು ಮತ್ತು ಬಾಲದ ಗುರುತು.

ಅಳತೆಯೊಂದು ಜಗತ್ತಿನಾದ್ಯಂತ ಹಬ್ಬಿದ್ದೂ ಇದೇ ಎರಕದ ಲೆಕ್ಕದಿಂದ. ನಮ್ಮ ಮಲೆನಾಡಿನ ತೋಟಗಳಲ್ಲಿ ಹಂದಿ ಕಾಯಲು ಇಟ್ಟುಕೊಂಡಿರುವ ‘12 ಬೋರ್’ ಕೋವಿಯ ಹೆಸರಿನ ಮೂಲ ಇಲ್ಲಿದೆ. ಒಂದು ಪೌಂಡು ಸೀಸದಲ್ಲಿ ಸಮನಾದ 12 ಗುಂಡು ಎರೆದರೆ ಪ್ರತಿಯೊಂದೂ ಸುಮಾರು 38 ಗ್ರಾಂ ತೂಗುತ್ತದೆ, ಅಡ್ಡಳತೆ ಸುಮಾರು 18.5 ಮಿಲಿಮೀಟರ್ ಬರುತ್ತದೆ. ಆ ಗುಂಡು ಹಿಡಿಸುವ ನಳಿಗೆಯೇ 12 ಬೋರ್. ಕೋವಿ ಚರೆ ಹಾರಿಸುವುದಕ್ಕೆ ತಿರುಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಗುಂಡಿನ ಲೆಕ್ಕವನ್ನೇ ಹೇಳುತ್ತಿದೆ. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು ಹೊತ್ತ ಬ್ರೌನ್ ಬೆಸ್ ಕೋವಿಯ ಗುಂಡು ಪೌಂಡಿಗೆ 14ರ ಆಸುಪಾಸು. ಎಲ್ಲ ಸಿಪಾಯಿಗಳಿಗೂ ಒಂದೇ ಅಳತೆಯ ಕೋವಿ ಕೊಟ್ಟದ್ದರಿಂದ ಗುಂಡನ್ನೂ ಒಂದೇ ಕಡೆ ರಾಶಿರಾಶಿಯಾಗಿ ಎರೆಯಬಹುದಾಯಿತು. ಒಂಟಿ ಗುಳಿಯ ಅಚ್ಚಿನ ಜಾಗಕ್ಕೆ ಸಾಲುಗುಳಿಯ ಅಚ್ಚು ಬಂತು.

ಹತ್ತೊಂಬತ್ತನೆಯ ಶತಮಾನ ಎಲ್ಲವನ್ನೂ ಬೇಗಬೇಗನೆ ಮಗುಚಿತು. ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ 1782ರಲ್ಲೇ ಕರಗಿದ ಸೀಸವನ್ನು ಎತ್ತರದಿಂದ ಜರಡಿಯ ಮೂಲಕ ನೀರಿಗೆ ಬೀಳಿಸಿ ಚರೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಚರೆಗೆ ಅಚ್ಚು ಬೇಡವಾಯಿತು. ಫ್ರಾನ್ಸಿನ ಮಿನಿಯೆ 1840ರ ದಶಕದ ಕೊನೆಗೆ ಮೊನಚು ಮೂತಿಯ, ಬುಡ ಟೊಳ್ಳಾದ ಗುಂಡು ತಂದ ಮೇಲೆ ಅಚ್ಚಿನ ಗುಳಿಯೂ ಉದ್ದವಾಯಿತು. ಕೋಲ್ಟ್ ರಿವಾಲ್ವರಿನ ಮರದ ಪೆಟ್ಟಿಗೆಯಲ್ಲಿ ಅಚ್ಚಿಗೂ ಒಂದು ಗೂಡು ಇರುತ್ತಿತ್ತು. 1869ರಲ್ಲಿ ಪುಣೆಯ ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಎದ್ದಿತು, ತೋಟಾ ಬಂತು, ಸೈನ್ಯಕ್ಕೆ ಕೈಯಚ್ಚು ಬೇಡವಾಯಿತು. ಅದು ಉಳಿದದ್ದು ಕೇಪಿನ ಕೋವಿ ಹಿಡಿದ ರೈತರ, ಬೇಟೆಗಾರರ ಮನೆಗಳಲ್ಲಿ.

ಮನೆಗಳಿಂದ ಅದು ಮರೆಯಾದದ್ದರಲ್ಲಿ ಕಾನೂನಿನ ಪಾಲೂ ಇದೆ. 1857ರ ನಿಶ್ಶಸ್ತ್ರೀಕರಣಕ್ಕೆ ಒಪ್ಪದ ಹಲಗಲಿಯ ಬೇಡರ ಊರನ್ನು ಬ್ರಿಟಿಷರು ಸುಟ್ಟರು. 1878ರ ಆಯುಧ ಕಾಯ್ದೆ ಪರವಾನಗಿಯನ್ನು ಬ್ರಿಟಿಷ್ ಭಾರತದಲ್ಲಿ ಕಡ್ಡಾಯ ಮಾಡಿತು. ಕೊಡಗಿಗೆ ಮಾತ್ರ ವಿನಾಯಿತಿ ಮುಂದುವರಿಯಿತು. ಈಗಿನದು 2029ರವರೆಗೆ ಇದ್ದು, ಅದನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಅಲ್ಲಿನ ಮನೆತನಗಳಲ್ಲಿ ಹಳೆಯ ಸಲಕರಣೆ ಉಳಿದಿರುವ ಸಾಧ್ಯತೆ ಬೇರೆಲ್ಲಿಗಿಂತ ಹೆಚ್ಚು.

ಇಂಥ ಅಚ್ಚುಗಳ ಸಂಗ್ರಹ ಒಂದು ವಿದ್ಯೆಯಾಗಿ ಬೆಳೆದದ್ದು ಅಮೆರಿಕದಲ್ಲಿ. ಜಾನ್ ಬಾರ್ಲೊ 1884ರಲ್ಲಿ ಕನೆಕ್ಟಿಕಟ್‌ನಲ್ಲಿ ಐಡಿಯಲ್ ಕಂಪನಿ ಕಟ್ಟಿ, ಅಚ್ಚುಗಳಿಗೆ ಸಂಖ್ಯೆ ಕೊಟ್ಟು, ಕೈಪಿಡಿ ಅಚ್ಚು ಹಾಕಿಸಿದ. 1925ರಲ್ಲಿ ಅದು ಲೈಮನ್ ಕಂಪನಿಗೆ ಸೇರಿತು. ಆ ಸಂಖ್ಯೆಗಳನ್ನು ಹಿಡಿದು ಹಳೆಯ ಅಚ್ಚು ಹುಡುಕುವವರು, ಅದರಲ್ಲೇ ಗುಂಡು ಎರೆದು ಹಳೆಯ ಕೋವಿಯಲ್ಲಿ ಹಾರಿಸುವವರು ಅಲ್ಲಿ ಈಗಲೂ ಇದ್ದಾರೆ. ಮೆದು ಸೀಸವನ್ನು ಗಟ್ಟಿ ಮಾಡಲು ಅವರು ಮುದ್ರಣದ ಲೈನೋಟೈಪ್ ಯಂತ್ರಗಳ ಲೋಹವನ್ನು ಬಳಸುತ್ತಾರೆ. ಸೀಸ, ತವರ, ಆಂಟಿಮನಿ ಬೆರೆತ ಆ ಜಾತಿಯ ಲೋಹದಲ್ಲೇ ನಮ್ಮ ಮುದ್ರಣಾಲಯಗಳ ಅಕ್ಷರದ ಮೊಳೆಗಳೂ ಆಗುತ್ತಿದ್ದವು. ಅಕ್ಷರಕ್ಕೂ ಗುಂಡಿಗೂ ಒಂದೇ ಲೋಹವೆಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಸಂಗ್ರಹಕಾರರ ಹವ್ಯಾಸಕ್ಕಿಂತ ದೊಡ್ಡ ತಿರುವು ಕೊಟ್ಟವರು ಪುರಾತತ್ವದವರು. 1984ರಲ್ಲಿ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಅಮೆರಿಕದ ಲಿಟಲ್ ಬಿಗ್‌ಹಾರ್ನ್ ರಣರಂಗದಲ್ಲಿ ಲೋಹಶೋಧಕ ಹಿಡಿದು ಗುಂಡು, ತೋಟಾಗಳನ್ನು ಸಿಕ್ಕ ಜಾಗದ ಸಮೇತ ನಕ್ಷೆಗೆ ಇಳಿಸಿದರು. ಇಂಗ್ಲೆಂಡಿನ ಎಡ್ಜ್‌ಹಿಲ್‌ನಲ್ಲಿ ಗ್ಲೆನ್ ಫೋರ್ಡ್ ಸೀಸದ ಗುಂಡುಗಳ ತೂಕದಿಂದಲೇ ಯಾವ ಪಡೆ ಎಲ್ಲಿ ನಿಂತಿತ್ತೆಂದು ಊಹಿಸುವ ದಾರಿ ತೋರಿಸಿದರು. 1799ರ ಮಳವಳ್ಳಿಯ ರಣಭೂಮಿಗೆ, 1779ರಲ್ಲಿ ಹೈದರನ ಕೈಸೇರಿದ ಚಿತ್ರದುರ್ಗದ ಸುತ್ತಲಿನ ಬಯಲಿಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ಆದರೆ ಗುಂಡನ್ನು ಗುರುತಿಸಲು ಅಚ್ಚು ಬೇಕು. ಅಚ್ಚೋ, ಗುಜರಿಯಲ್ಲಿ ಕಿಲೋ ಲೆಕ್ಕಕ್ಕೆ ಹೋಗುವ ಕಬ್ಬಿಣ.

ಹಳೆಯ ಅಚ್ಚಿನಲ್ಲಿ ಸೀಸ ಎರೆಯುವುದನ್ನು ನಮ್ಮಲ್ಲಿ ಯಾರೂ ಪ್ರಯತ್ನಿಸಬಾರದೆಂದು ಖಂಡಿತವಾಗಿ ಹೇಳುತ್ತೇನೆ. ಸೀಸ ವಿಷ, ಬಿಸಿ ಲೋಹ ಹಳೆಯ ಗುಳಿಯನ್ನೂ ಕೆಡಿಸೀತು. ಮೇಲಾಗಿ 1959ರ ಆಯುಧ ಕಾಯ್ದೆ ಮದ್ದುಗುಂಡು ತಯಾರಿಸುವ ಸಲಕರಣೆಯನ್ನೂ ಮದ್ದುಗುಂಡಿನ ಅರ್ಥದೊಳಗೇ ಸೇರಿಸಿದೆ. ಗುಳಿಯ ಅಳತೆ ತಿಳಿಯಲು ಮೆದು ಮೇಣ ಒತ್ತಿ ತೆಗೆದರೆ ಸಾಕು. ತುಕ್ಕನ್ನು ಮರಳುಕಾಗದದಿಂದ ಉಜ್ಜಬೇಡಿ. ಕಮ್ಮಾರನ ಗುರುತು ಇದ್ದರೆ ಅದರೊಂದಿಗೇ ಹೋಗುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ, ಕುಲುಮೆಯ ಮೂಲೆಯಲ್ಲಿ ಬಾಯಿಗೆ ದುಂಡು ಗುಳಿಯಿರುವ ಇಕ್ಕಳ ಸಿಕ್ಕಿದರೆ ಗುಜರಿಗೆ ಹಾಕಬೇಡಿ, ಬಚ್ಚಿಡಲೂ ಬೇಡಿ. ಅದು ಯಾರ ಮನೆಯದು, ಯಾವ ಕೋವಿಯದೆಂದು ಹಿರಿಯರನ್ನು ಕೇಳಿ ಬರೆದಿಟ್ಟು, ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೋ ಪುರಾತತ್ವ ಇಲಾಖೆಗೋ ತಿಳಿಸಿ.