ಪರವಾನಗಿ: ದಫ್ತರದಿಂದ ಮೊಬೈಲಿಗೆ

ಅಪ್ಪಣೆ ಬಾಯಿಮಾತಿನಲ್ಲೇ ಸಿಕ್ಕೀತು. ಪರವಾನಗಿಗೆ ಕಾಗದ ಬೇಕು, ಮೊಹರು ಬೇಕು. ಅದರ ಹುಟ್ಟೇ ಹಾಗೆ. ಪಾರಸಿಯ 'ಪರ್ವಾನಾ' ಎಂದರೆ ಬರೆದುಕೊಟ್ಟ ಆಜ್ಞೆ. ಮೊಘಲರ ದಫ್ತರದಲ್ಲಿ ಬಾದಶಹ ಹೊರಡಿಸಿದ್ದು ಫರ್ಮಾನು, ಕೈಕೆಳಗಿನ ಅಧಿಕಾರಿ ಬರೆದದ್ದು ಪರ್ವಾನಾ. ಮರಾಠಿಯ ಕೈಹಿಡಿದು ಕನ್ನಡದ ಕಚೇರಿಗಳಿಗೆ ಬಂದ ಪದ ಪರವಾನಿಗೆ, ಪರವಾನಿಗಿ ಎಂದು ಆಯಾ ಸೀಮೆಯ ನಾಲಿಗೆಗೆ ತಕ್ಕಂತೆ ಬಾಗಿತು. (ದೀಪಕ್ಕೆರಗುವ ಪತಂಗಕ್ಕೂ ಪಾರಸಿಯಲ್ಲಿ ಪರ್ವಾನಾ ಎಂದೇ ಹೆಸರು. ಆ ಅರ್ಥ ಗಜಲುಗಳ ಪಾಲಾಯಿತು, ನಮ್ಮ ಪಾಲಿಗೆ ಬಂದದ್ದು ಸಾಹೇಬರ ಸಹಿ.)

ಪರವಾನಗಿ ಬೇಕಾದ ಬಂದೂಕು, ಹೆಂಡದಂಗಡಿಗಳ ಸಾಲಿಗೆ ರೇಡಿಯೊ ಕೂಡ ಸೇರಿತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ರೇಡಿಯೊ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ವರ್ಷಕ್ಕೊಮ್ಮೆ ರೇಡಿಯೊ ಪರವಾನಗಿಯ ಪುಸ್ತಕ ಹಿಡಿದು ಅಂಚೆ ಕಚೇರಿಗೆ ಹೋಗಬೇಕಿತ್ತು. ದುಡ್ಡು ಕಟ್ಟಿದರೆ ಗುಮಾಸ್ತರು ಪುಟದ ಮೇಲೆ ಸ್ಟಾಂಪು ಅಂಟಿಸಿ, ಅದರ ಮೇಲೆ ತಾರೀಖಿನ ಮುದ್ರೆ ಒತ್ತಿ ಕೊಡುತ್ತಿದ್ದರು. ಮಾತಾಡುವುದು ಸರ್ಕಾರ, ಪರವಾನಗಿ ಮಾತ್ರ ಕೇಳುವವನಿಗೆ! 1980ರ ದಶಕದಲ್ಲಿ ಈ ಪುಸ್ತಕಗಳು ಅಟ್ಟ ಸೇರಿದವು. ಗಾಳಿಯಲ್ಲಿರುವ ತರಂಗಗಳು ಸಾರ್ವಜನಿಕ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ ಪ್ರಶ್ನೆಯೇ ತಿರುಗಿತು: ಆ ಸ್ವತ್ತನ್ನು ಬಳಸಿ ಪ್ರಸಾರ ಮಾಡುವ ಪರವಾನಗಿ ಯಾರಿಗೆ?

ಇದೇ ಪ್ರಶ್ನೆ ಈಗ ಮೊಬೈಲಿನೊಳಗೆ ಹೊಕ್ಕಿದೆ. ಪ್ರಸಾರ ಭಾರತಿ, ಐಐಟಿ ಕಾನ್ಪುರ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಸೇರಿ ಪ್ರಯೋಗಿಸಿದ 'ಡೈರೆಕ್ಟ್ ಟು ಮೊಬೈಲ್' ಅಥವಾ ಡಿ2ಎಂಗೆ ಸಿಮ್ಮೂ ಬೇಡ, ಇಂಟರ್ನೆಟ್ಟೂ ಬೇಡ. ಪ್ರಸಾರ ಗೋಪುರದ ಸಂಕೇತವನ್ನು ಫೋನಿನ ಚಿಪ್ಪೇ ನೇರವಾಗಿ ಹಿಡಿಯುತ್ತದೆ. ಕ್ರಿಕೆಟ್ ಪಂದ್ಯವನ್ನು ಹತ್ತು ಮಂದಿ ನೋಡಲಿ, ಹತ್ತು ಲಕ್ಷ ಮಂದಿ ನೋಡಲಿ, ಗೋಪುರಕ್ಕೆ ಹೊರೆ ಒಂದೇ. ಡೇಟಾ ಮಾರುವ ಕಂಪನಿಗಳಿಗೆ ಇದು ಹಿಡಿಸುವುದುಂಟೇ? ತರಂಗಾಂತರವನ್ನು ನಾವು ಹರಾಜಿನಲ್ಲಿ ಕೊಳ್ಳುತ್ತೇವೆ, ಪ್ರಸಾರದವರಿಗೇಕೆ ಬೇರೆ ದಾರಿ ಎಂಬುದು ಅವರ ತಕರಾರು. ಸ್ವಾರ್ಥವಿದ್ದರೂ ತಳ್ಳಿಹಾಕುವಂಥ ತಕರಾರಲ್ಲ.

ಈ ನಡುವೆ 2023ರ ದೂರಸಂಪರ್ಕ ಕಾಯ್ದೆ 1885ರಿಂದ ನಡೆದುಬಂದ 'ಲೈಸೆನ್ಸ್' ಪದವನ್ನು ಬದಿಗಿಟ್ಟು 'ಆಥರೈಸೇಶನ್' ಎಂದಿತು. 2025ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಪ್ರಸಾರ ಸೇವೆಗಳಿಗೂ ಅದೇ ಚೌಕಟ್ಟನ್ನು ಶಿಫಾರಸು ಮಾಡಿತು. ಕಾಯ್ದೆಯಲ್ಲಿ ಏನೇ ಇರಲಿ, ಕನ್ನಡ ಪತ್ರಿಕೆಗಳ ತಲೆಬರಹದಲ್ಲಿ ಅದು ಪರವಾನಗಿಯೇ. ಇನ್ನು ಪ್ರತಿ ಫೋನಿಗೂ ಡಿ2ಎಂ ಚಿಪ್ಪು ಹಾಕಲು ತಯಾರಕರು ಒಲ್ಲೆ ಎನ್ನುತ್ತಾರೆ, ಖರ್ಚು ಏರುತ್ತದಂತೆ. ಕಡ್ಡಾಯ ಮಾಡಿದರೆ ಆ ಖರ್ಚು ಬರುವುದು ನೋಡುಗನ ಬಿಲ್ಲಿಗೇ, ಸ್ಟಾಂಪೂ ಇಲ್ಲದೆ, ಪುಸ್ತಕವೂ ಇಲ್ಲದೆ.